ಖಾಲಿ ಜಾಗದ ದಿಕ್ಕು

ಹೆಂಡತಿಯ ಕನ್ನಡಕ ಮೇಷ್ಟ್ರ ಜೇಬಿನಲ್ಲಿತ್ತು, ಹೆಂಡತಿ ಆಸ್ಪತ್ರೆಯ ಔಷಧಿ ಅಂಗಡಿಯ ಕಿಟಕಿಯಾಚೆ ಕೆಲಸದಲ್ಲಿದ್ದಳು, ನಡುವೆ ಸಾಲು ಇತ್ತು. ಸಾಲು ಕಂಡಮೇಲೆ ಮೇಷ್ಟ್ರು ಹೋಗಿ ಅದರ ಬಾಲಕ್ಕೆ ನಿಂತರು. ಪಕ್ಕದಲ್ಲೇ ಸಿಬ್ಬಂದಿಯ ಬಾಗಿಲಿತ್ತು. ತಟ್ಟಿದ್ದರೆ ತೆಗೆಯುತ್ತಿದ್ದರು, ಒಳಗಿನವರೆಲ್ಲ ಮುಖಪರಿಚಯದವರೇ. ಆದರೆ ಹಾಗೆ ತಟ್ಟುವವರ ಕೈಯೇ ಬೇರೆ, ಆ ಕೈ ತಮಗೆ ಬಂದಿಲ್ಲವೆಂದು ಅವರು ಎಂದೋ ರಾಜಿಯಾಗಿದ್ದರು. ಕಾಲಿಗೆ ಪಟ್ಟಿ ಸುತ್ತಿಕೊಂಡವನೊಬ್ಬ ಬಂದ. ಅವನಿಗೆ ದಾರಿ ಬಿಡುವುದು ನ್ಯಾಯವೇ. ಒಬ್ಬಾಕೆ, "ಒಂದೇ ಒಂದು ಮಾತ್ರೆ ಕೇಳ್ಬೇಕು ಅಷ್ಟೇ" ಎಂದಳು. ಒಂದೇ ಒಂದು ಮಾತ್ರೆ ಕೇಳಲು ಬಂದವಳ ಕೈಯಲ್ಲಿ ಚೀಟಿಗಳ ಕಟ್ಟೇ ಇತ್ತು, ಅದನ್ನು ನೋಡಿಯೂ ನೋಡದವರಂತೆ ಮೇಷ್ಟ್ರು ಅರ್ಧ ಹೆಜ್ಜೆ ಹಿಂದೆ ಸರಿದರು. ಆ ಅರ್ಧ ಹೆಜ್ಜೆಯೊಳಗೆ ಫೋನಿನಲ್ಲಿ ಮಾತಾಡುತ್ತಲೇ ಒಬ್ಬ ಯುವಕ ಬಂದು ಸೇರಿಕೊಂಡ, ಏನೂ ಹೇಳಲಿಲ್ಲ, ಹೇಳಬೇಕಾದವರು ಯಾರಾದರೂ ಅಲ್ಲಿದ್ದಾರೆಂದು ಅವನಿಗೆ ಅನ್ನಿಸಿದಂತಿರಲಿಲ್ಲ. ಸಾಲು ಇವತ್ತು ಯಾಕೋ ಆಮೆಯಾಗಿತ್ತು. ಕಿಟಕಿಯ ಹತ್ತಿರ ಯಾರೋ ಗೊಣಗಿದರು, "ಯಾಕಮ್ಮ ಇಷ್ಟು ನಿಧಾನ?" ಒಳಗಿನಿಂದ ಹೆಂಡತಿಯ ದನಿ ಬಂತು: "ಕನ್ನಡಕ ಮನೇಲಿ ಬಿಟ್ಟುಬಂದಿದೀನಿ. ತರ್ತೀನಿ ಅಂದವರು ಇನ್ನೂ ದಾರೀಲಿದಾರೆ. ಡಾಕ್ಟರು ಬರೆದದ್ದು ಕನ್ನಡಕ ಇದ್ರೇ ಓದಕ್ಕಾಗಲ್ಲ, ಇಲ್ದಿದ್ರೆ ಹೇಗೆ ಓದ್ಲಿ?" ಮೇಷ್ಟ್ರ ಕಿವಿ ಬಿಸಿಯಾಯಿತು. ಜೇಬು ಮುಟ್ಟಿ ನೋಡಿಕೊಂಡರು. ಕೂಗಬೇಕಿತ್ತು, ಆದರೆ ಇಷ್ಟು ಹೊತ್ತು ಸುಮ್ಮನಿದ್ದು ಈಗ ಕೂಗಿದರೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಪ್ರತಿ ನಿಮಿಷಕ್ಕೂ ಆ ಪ್ರಶ್ನೆ ಒಂದು ಸುತ್ತು ದಪ್ಪವಾಗುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬರು ಮುಂದೆ ಹೋದರು.

ಹೆಗಲಿನ ಚೀಲದಲ್ಲಿ ಆ ಪ್ರಬಂಧವಿತ್ತು. ಮೊದಲ ಪುಟದಲ್ಲಿ ಎರಡು ಹೆಸರು, ಶಿಷ್ಯೆಯದು ಮತ್ತು ತಮ್ಮದು. ಇವತ್ತು ಮಧ್ಯಾಹ್ನ ವಿಭಾಗದಲ್ಲಿ ಅವಳ ಉಪನ್ಯಾಸ, ಅದು ಮುಗಿದ ಮೇಲೆ ಪ್ರಬಂಧವನ್ನು ಜಗತ್ತಿಗೆ ಕಾಣುವ ಹಾಗೆ ಅಂತರ್ಜಾಲಕ್ಕೆ ಏರಿಸುವುದು. "ನೀವು ಒಂದ್ಸಲ ನೋಡಿ ಹೂಂ ಅಂದ್ಬಿಡಿ ಸರ್" ಎಂದು ಅವಳು ಕೊಟ್ಟು ಹೋಗಿ ಒಂದು ವಾರವಾಗಿತ್ತು. ಹೂಂ ಅನ್ನುವುದು ಮೇಷ್ಟ್ರಿಗೆ ಕಷ್ಟದ ಕೆಲಸವಲ್ಲ, ಈ ಕಷ್ಟವೆಲ್ಲ ಶುರುವಾದದ್ದೇ ಒಂದು ಹೂಂನಿಂದ.

ಮೂವತ್ತು ವರ್ಷ ಅವರು ಅನ್ನ ತಿಂದದ್ದು ಸಾಲುಗಳ ಹೆಸರಿನಲ್ಲಿ. ಅವರ ಗಣಿತದಲ್ಲಿ ಒಂದು ಉದ್ದದ ಬೀದಿ, ಬೀದಿಯುದ್ದಕ್ಕೂ ಮನೆಗಳು, ಕೆಲವು ಮನೆಯಲ್ಲಿ ಒಂದೊಂದು ಕಣ, ಕೆಲವು ಖಾಲಿ. ಪ್ರತಿ ಕಣದ ಹತ್ತಿರ ಒಂದು ಗಂಟೆ, ಅದು ಯಾವಾಗ ಹೊಡೆಯುತ್ತದೆಂದು ಯಾರಿಗೂ ಗೊತ್ತಿಲ್ಲ. ಹೊಡೆದಾಗ ಬಲಗಡೆಯ ಮನೆ ಖಾಲಿಯಿದ್ದರೆ ಕಣ ಅಲ್ಲಿಗೆ ಹಾರುತ್ತದೆ, ಇಲ್ಲದಿದ್ದರೆ ಇದ್ದಲ್ಲೇ ಇರುತ್ತದೆ. ಇಷ್ಟೇ ಆಟ. ಮಕ್ಕಳಿಗೆ ಹೇಳಿಕೊಟ್ಟರೆ ಊಟದ ಹೊತ್ತಿಗೆ ಬೇಸರವಾಗುತ್ತದೆ, ದೊಡ್ಡವರಿಗೆ ಎರಡು ತಲೆಮಾರು ಕಳೆದರೂ ಮುಗಿದಿಲ್ಲ. ರಸ್ತೆಯ ವಾಹನಗಳು, ಜೀವಕೋಶದೊಳಗಿನ ಯಂತ್ರಗಳು, ಉರಿಯುವ ಕಾಗದದ ಅಂಚು, ಎಲ್ಲದರ ಏರಿಳಿತವೂ ಈ ಬೀದಿಯ ಲೆಕ್ಕಕ್ಕೇ ಬಂದು ನಿಲ್ಲುವುದನ್ನು ನೋಡಿ ಮೇಷ್ಟ್ರು ಒಂದು ಕಾಲದಲ್ಲಿ ನಿದ್ದೆಗೆಟ್ಟಿದ್ದರು. ಈ ಬೀದಿಯಲ್ಲಿ ಒಂದು ವಿಶೇಷ ಪ್ರಾಣಿಯಿದೆ, ಎರಡನೇ ದರ್ಜೆಯ ಕಣ. ಖಾಲಿ ಜಾಗದ ಪಾಲಿಗೆ ಅದು ಕಣವೇ, ಎಲ್ಲರ ಹಾಗೆ ಹಾರಿ ಅದನ್ನು ತುಂಬಬಹುದು. ಮೊದಲ ದರ್ಜೆಯವರ ಪಾಲಿಗೆ ಮಾತ್ರ ಅದು ಇದ್ದೂ ಇಲ್ಲ. ಹಿಂದಿನಿಂದ ಬಂದವನು ಅದರ ಮನೆಗೆ ನುಗ್ಗುತ್ತಾನೆ, ಅದು ತೆಪ್ಪಗೆ ಅವನು ಬಿಟ್ಟುಬಂದ ಮನೆಗೆ ಹಿಂದೆ ಸರಿಯುತ್ತದೆ. ಹೀಗೆ ಎಲ್ಲರಿಗೂ ದಾರಿ ಬಿಡುತ್ತಾ, ಎಲ್ಲಿ ದಟ್ಟಣೆ ಗಟ್ಟಿಯಾಗುತ್ತದೋ ಸರಿಯಾಗಿ ಅಲ್ಲೇ ಹೋಗಿ ಸಿಕ್ಕಿಕೊಳ್ಳುತ್ತದೆ. ದಟ್ಟಣೆ ಎಲ್ಲಿದೆಯೆಂದು ತಿಳಿಯಬೇಕಾದರೆ ಶಾಸ್ತ್ರಜ್ಞರು ಇದನ್ನೇ ಹುಡುಕುತ್ತಾರೆ. ಒಂದೊಂದು ಕಣಕ್ಕೂ ಬೇರೆ ಬೇರೆ ಚುರುಕು ಇದ್ದರೆ, ಅಂದರೆ ಕೆಲವು ಅವಸರದವು, ಕೆಲವು ಸೋಮಾರಿಗಳು ಆದರೆ, ಈ ಬಡಪಾಯಿ ಎಷ್ಟು ದೂರ ಅಲೆಯುತ್ತದೆ? ಈ ಪ್ರಶ್ನೆಯ ಮುಂದೆ ಮೇಷ್ಟ್ರ ತಲೆಗೂದಲು ಮೊದಲು ಬೆಳ್ಳಗಾಗಿ ಆಮೇಲೆ ಕಡಿಮೆಯಾಗಿತ್ತು. ವಿಭಾಗದ ಕಾಫಿ ಯಂತ್ರದ ಹತ್ತಿರ ಒಂದು ಜೋಕಿತ್ತು: ಮೇಷ್ಟ್ರು ಸಂಶೋಧನೆ ಮಾಡ್ತಿಲ್ಲ, ಆತ್ಮಚರಿತ್ರೆ ಬರೀತಿದಾರೆ. ಆ ಜೋಕನ್ನು ಅವರೇ ಕೇಳಿಸಿಕೊಂಡಿದ್ದರು, ಕಾಫಿ ಹಿಡಿಯಲು ಸಾಲಿನಲ್ಲಿ ನಿಂತಿದ್ದಾಗ.

"ರೀ! ಅಲ್ಲೇನ್ ಮಾಡ್ತಿದೀರಿ?"

ಕಿಟಕಿಯ ಸರಳುಗಳ ನಡುವಿನಿಂದ ಹೆಂಡತಿ ಕಣ್ಣು ಕಿರಿದಾಗಿಸಿ ನೋಡುತ್ತಿದ್ದಳು. ಕನ್ನಡಕವಿಲ್ಲದೆ ಚೀಟಿ ಕಾಣದಿದ್ದರೂ ಗಂಡ ಕಾಣುತ್ತಾನೆ, ದೂರದ್ದೆಲ್ಲ ಅವಳಿಗೆ ಸ್ಪಷ್ಟ.

"ಸಾಲಲ್ಲಿದೀನಿ."

"ಕನ್ನಡಕ ನಿಮ್ಮ ಜೇಬಲ್ಲಿ. ಸಾಲು ನಿಂತಿರೋದು ಕನ್ನಡಕಕ್ಕೆ. ನೀವು ಸಾಲಿನ ಕೊನೇಲಿ. ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನಾದ್ರೂ ಹೆಸರಿದೆಯಾ?"

ಸಾಲು ತಿರುಗಿ ನೋಡಿತು. ಕಾಲಿಗೆ ಪಟ್ಟಿ ಸುತ್ತಿಕೊಂಡವನು ಎಲ್ಲರಿಗಿಂತ ಜೋರಾಗಿ ನಕ್ಕ. ಕನ್ನಡಕ ಕೈಯಿಂದ ಕೈಗೆ ದಾಟಿ ಮುಂದೆ ಹೋಯಿತು, ಮೇಷ್ಟ್ರು ಹಿಂದೆಯೇ ಉಳಿದರು. ಆಮೇಲೆ ಹೆಂಡತಿಯೇ ಸಿಬ್ಬಂದಿಯ ಬಾಗಿಲು ತೆಗೆದು ಅವರನ್ನು ಪಕ್ಕಕ್ಕೆ ಕರೆದಳು. ಕನ್ನಡಕ ಏರಿದ್ದರಿಂದ ಅವಳ ಮುಖಕ್ಕೆ ಅಧಿಕಾರ ಮರಳಿತ್ತು.

"ಆ ಹುಡುಗಿಗೆ ಹೇಳಿದ್ರಾ?"

"ಏನಂತ?"

"ಏನಂತ ಅಂತ ನನ್ನ ಕೇಳಿದ್ರೆ? ಹೆಸರು ಇರ್ಲಿ ಅಂತಲೋ, ಬೇಡ ಅಂತಲೋ. ಒಂದು ವಾರದಿಂದ ತಟ್ಟೆ ಮುಂದೆ ಕೂತು ಗೋಡೆ ನೋಡ್ತಿದೀರಿ."

"ಅದು ನನ್ನ ಯೋಚನೆ ಅಲ್ಲ ಕಣೇ. ಕೈತಪ್ಪು."

"ಎಡವಿ ಬಿದ್ದವನಿಗೆ ಬಿದ್ದ ಜಾಗದಲ್ಲಿ ನಿಧಿ ಸಿಕ್ರೆ, ನಾನು ಬೇಕಂತ ಬಿದ್ದಿಲ್ಲ ಅಂತ ವಾಪಸ್ ಹೂಳ್ತಾನಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಇಷ್ಟ. ಆದ್ರೆ ವಿಭಾಗದ ರೂಮು ಹೋದ್ರೆ ಆ ಪುಸ್ತಕಗಳೆಲ್ಲ ಮನೆಗೆ ಬರುತ್ತೆ, ನೆನಪಿರ್ಲಿ. ಮಂಚದ ಕೆಳಗೂ ಈಗಾಗ್ಲೇ ಭರ್ತಿ."

ರೂಮಿನ ಮಾತು ಬಂದೇ ಬಂತು. ಆಸ್ಪತ್ರೆಯಿಂದ ಬೀದಿಗಿಳಿದು ನಡೆಯುತ್ತಿದ್ದರೂ ಮನಸ್ಸಿನಲ್ಲಿ ಮೇಷ್ಟ್ರು ರೂಮಿನಲ್ಲೇ ಇದ್ದರು, ಹೋದ ಚಳಿಗಾಲದ ಆ ಮಧ್ಯಾಹ್ನದಲ್ಲಿ, ಕರಿಹಲಗೆಯ ಮುಂದೆ, ಕೈಯಲ್ಲಿ ಸೀಮೆಸುಣ್ಣ. ಶಿಷ್ಯೆ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು; ಅವಳು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲವೆಂದು ವಿಭಾಗದವರು ಅವಳಿಗೆ ಪಿಸುಮಾತು ಎಂದೇ ಹೆಸರಿಟ್ಟಿದ್ದರು. ಬಾಗಿಲು ತಟ್ಟದೆ ವಿಭಾಗದ ಮುಖ್ಯಸ್ಥ ಒಳಗೆ ಬಂದ. ಹಿಂದೊಮ್ಮೆ ಇದೇ ಕುರ್ಚಿಯ ಅಂಚಿನಲ್ಲಿ ಕೂತು ಮೇಷ್ಟ್ರ ಹತ್ತಿರ ಲೆಕ್ಕ ಕಲಿತವನು. ಜೊತೆಯಲ್ಲಿ ಅಳತೆ ಟೇಪು ಹಿಡಿದ ಒಬ್ಬ. "ನೀವು ಮುಂದುವರಿಸಿ ಸರ್, ನಿಮಗೇನೂ ತೊಂದರೆಯಿಲ್ಲ. ಸುಮ್ನೆ ಒಂದು ಅಂದಾಜಿಗೆ." ಈ ರೂಮು, ಪಕ್ಕದ ರೂಮು ಸೇರಿಸಿ ಗೋಡೆ ಒಡೆದು ಹೊಸ ಗಣಕ ಕೇಂದ್ರ ಮಾಡುವ ಸುದ್ದಿ ಮೇಷ್ಟ್ರ ಕಿವಿಗೂ ಬಿದ್ದಿತ್ತು, ಪ್ರಕಟಣೆಯಿಲ್ಲದ ಹಿರಿಯರಿಗೆ ಮೆಟ್ಟಿಲ ಕೆಳಗಿನ ಜಾಗವಂತೆ, ನಾಲ್ವರಿಗೆ ಒಂದು ಮೇಜಂತೆ. ಟೇಪಿನವನು ಎಡಗೋಡೆಗೆ ತುದಿ ಸಿಕ್ಕಿಸಿ ಬಲಕ್ಕೆ ಎಳೆಯುತ್ತಾ ಬಂದ. ಹಲಗೆಯ ಮುಂದೆ ಮೇಷ್ಟ್ರು ಅಡ್ಡವಿದ್ದರು. "ಸ್ವಲ್ಪ ಬಗ್ಗಿ ಸರ್." ಮೇಷ್ಟ್ರು ಬಗ್ಗಿದರು. ಟೇಪು ಅವರ ಬೆನ್ನ ಮೇಲೆ ಸರಪರ ಅನ್ನುತ್ತಾ ದಾಟಿತು. ಬಗ್ಗಿದಾಗ ಅವರಿಗೆ ಕಂಡದ್ದು ಶಿಷ್ಯೆಯ ಪಾದ, ಹೆಬ್ಬೆರಳನ್ನು ಅವಳು ನೆಲಕ್ಕೆ ಒತ್ತಿ ಹಿಡಿದಿದ್ದಳು. ಬಂದವರಿಬ್ಬರೂ ಹೋದ ಮೇಲೆ ಮೇಷ್ಟ್ರು ನೆಟ್ಟಗೆ ನಿಂತು, ಏನೂ ಆಗದವರ ಗಟ್ಟಿ ದನಿಯಲ್ಲಿ, "ಕಣಗಳು ಬಲಕ್ಕೆ ಹೋಗುತ್ತವೆ, ಖಾಲಿ ಜಾಗ ಹೀಗೆ ಹೋಗುತ್ತದೆ" ಎಂದು ಬಾಣ ಬರೆದರು. ಟೇಪು ಹೋದ ದಿಕ್ಕಿಗೇ ಕೈ ಹೋಗಿತ್ತು, ಬಲಕ್ಕೆ. ಜನ ಮುಂದೆ ಸರಿದರೆ ಖಾಲಿ ಜಾಗ ಹಿಂದೆ ಸರಿಯುತ್ತದೆ, ಇದು ಮೊದಲ ತಿಂಗಳ ಪಾಠ. ಅದನ್ನು ಮೂವತ್ತು ವರ್ಷದ ಮೇಲೆ ತಪ್ಪು ಬರೆಯುವುದೆಂದರೆ ದರ್ಜಿ ತೋಳನ್ನು ಕಾಲರಿಗೆ ಹೊಲಿದ ಹಾಗೆ. ತಪ್ಪು ಅವರಿಗೆ ಗೊತ್ತಾದದ್ದು ಮಾರನೆಯ ದಿನ. ಅಂಗಿಯ ತೋಳಿನಿಂದಲೇ ಒರೆಸಿಬಿಟ್ಟರು.

ಕೆಲವು ವಾರಗಳ ಮೇಲೆ ಅವಳು ಬಂದಳು. "ಸರ್, ನೀವವತ್ತು ಬರೆದ ಬಾಣ. ಖಾಲಿ ಜಾಗ ಬಲಕ್ಕೆ ಹೋಗ್ಬೇಕಾದ್ರೆ ಕಾಲ ಹಿಂದಕ್ಕೆ ಹರೀಬೇಕು. ಹಿಂದಕ್ಕೇ ಹರಿಸಿ ನೋಡಿದೆ." ಮುಂದಿಟ್ಟ ಹಾಳೆಗಳಲ್ಲಿ ಬೀದಿ ತಿರುವುಮುರುವಾಗಿ ಓಡುತ್ತಿತ್ತು, ಸೋಮಾರಿ ಕಣಗಳೂ ಅವಸರದ ಕಣಗಳೂ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದವು, ಹಾಗೆ ಹಿಂದಿರುಗುವಾಗ ಆ ಎರಡನೇ ದರ್ಜೆಯದು ನಡೆದ ಜಾಡು ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಮೇಷ್ಟ್ರು ಓದಿದರು. ಮತ್ತೆ ಓದಿದರು. ಬಂದದ್ದು ಇಷ್ಟು ಸುಲಭವೇ ಎಂಬ ಸಂತೋಷವೋ, ಇಷ್ಟು ವರ್ಷ ಬೇಕಾಯಿತೇ ಎಂಬ ಸಂಕಟವೋ, ಅವರಿಗೇ ತಿಳಿಯಲಿಲ್ಲ. "ನಿಮ್ಮ ಮನಸ್ಸಲ್ಲಿದ್ದದ್ದು ಇದೇ ಅಲ್ವಾ ಸರ್?" ಎಂದು ಅವಳು ಕೇಳಿದಳು. ಆಗ ಅವರು ಹೂಂ ಅಂದರು.

ವಿಭಾಗದ ಮೊಗಸಾಲೆಯಲ್ಲಿ ಮುಖ್ಯಸ್ಥ ಎದುರಿಗೇ ಸಿಕ್ಕಿದ. ಇವತ್ತು ಅವನ ನಗುವಿನಲ್ಲಿ ಹಲ್ಲು ಹೆಚ್ಚಿದ್ದವು.

"ಸರ್, ಅಭಿನಂದನೆ ಈಗ್ಲೇ ಹೇಳಿಬಿಡ್ತೀನಿ. ರೂಮಿನ ವಿಷಯ ಮರೆತುಬಿಡಿ. ಇಂಥ ಕೆಲಸ ಬಂದಿರೋವಾಗ ನಿಮ್ಮನ್ನ ಅಲ್ಲಾಡಿಸೋಕೆ ಯಾರಿಗೆ ಧೈರ್ಯ ಇದೆ?"

"ಕೆಲಸ ಅವಳದು."

"ಅದೇ ಸರ್ ನಿಮ್ಮ ದೊಡ್ಡತನ," ಎಂದು ಅವನು ಮೇಷ್ಟ್ರ ತೋಳು ಅಮುಕಿ ಮುಂದೆ ಹೋದ. ಮೇಷ್ಟ್ರು ಗೋಡೆಗೆ ಒರಗಿ ದಾರಿ ಬಿಟ್ಟರು.

ಉಪನ್ಯಾಸದ ಕೋಣೆ ತುಂಬಿತ್ತು. ಬೇರೆ ಕಡೆಯಿಂದ ಬಂದಿದ್ದ ಒಬ್ಬ ವಯಸ್ಸಾದ ಗಣಿತಜ್ಞ ಮೊದಲ ಸಾಲಿನಲ್ಲಿ ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತಾ ಕೂತಿದ್ದರು. ಪಿಸುಮಾತಿನ ಉಪನ್ಯಾಸಕ್ಕೆ ಅದು ಯಂತ್ರಕ್ಕೂ ಪರೀಕ್ಷೆ. ಆದರೆ ಹಲಗೆಯ ಮುಂದೆ ಅವಳ ದನಿ ಬೇರೆಯಾಗಿತ್ತು. ಜೋರಾಗಿರಲಿಲ್ಲ, ಆದರೆ ಯಾವ ಪದವನ್ನೂ ಕೈಬಿಡುತ್ತಿರಲಿಲ್ಲ. ಮೇಷ್ಟ್ರು ಕೊನೆಯ ಸಾಲಿನಲ್ಲಿ ಕೂತು ತಮ್ಮ ಮನೆಯೊಳಗೆ ಬೇರೆಯವರು ದೀಪ ಹಚ್ಚಿ ಓಡಾಡುವುದನ್ನು ಹೊರಗಿನಿಂದ ನೋಡುವವರ ಹಾಗೆ ನೋಡಿದರು. ಈ ಕೋಣೆ ತಮಗೆ ಗೊತ್ತಿತ್ತು, ಈ ಕಂಬಕ್ಕೆ ತಾವು ತಲೆ ಚಚ್ಚಿಕೊಂಡಿದ್ದರು, ಆದರೆ ಇಲ್ಲೊಂದು ಬಾಗಿಲಿತ್ತೆಂದು ತಿಳಿದಿರಲಿಲ್ಲ. ಅಸೂಯೆ ಬರಲೆಂದು ಸ್ವಲ್ಪ ಹೊತ್ತು ಕಾದರು. ಬರಲಿಲ್ಲ, ಬಂದದ್ದು ನಾಚಿಕೆ, ಅದು ಅಸೂಯೆಗಿಂತ ಹಳೆಯ ನೆಂಟ, ಕರೆಯದೆಯೂ ಬರುತ್ತದೆ. ಕೊನೆಗೆ ಅವಳು, "ಇದರ ಬೀಜ ಸರ್ ಹಾಕಿದ್ದು. ಖಾಲಿ ಜಾಗದ ಬಾಣವನ್ನ ತಿರುಗಿಸಿ ತೋರಿಸಿದ್ದು ಅವರು" ಎಂದಳು. ತಲೆಗಳು ಹಿಂದಕ್ಕೆ ತಿರುಗಿದವು. ಬೆಳಗ್ಗೆ ಔಷಧಿ ಅಂಗಡಿಯ ಮುಂದೆ ತಿರುಗಿದ್ದ ಹಾಗೆಯೇ, ಆದರೆ ಈ ಸಲ ಯಾರೂ ನಗುತ್ತಿರಲಿಲ್ಲ.

ಮೇಷ್ಟ್ರು ಎದ್ದು ನಿಂತರು. ಏಳಬೇಕೆಂದು ನಿರ್ಧರಿಸಿದ್ದು ನೆನಪಿಲ್ಲ. ಕುರ್ಚಿ ಕಿರ್ರೆಂದಾಗ ತಾವು ಎದ್ದಿರುವುದು ತಿಳಿಯಿತು.

"ಒಂದು ತಿದ್ದುಪಡಿ," ಎಂದರು. "ಅದು ಯೋಚನೆ ಅಲ್ಲ. ನನ್ನ ಕೈತಪ್ಪು. ಎಡಕ್ಕೆ ಬರೀಬೇಕಾದ ಬಾಣ ಬಲಕ್ಕೆ ಬರೆದೆ."

ಕೋಣೆಯ ತುಂಬ ನಗು ಬಂತು, ಪ್ರೀತಿಯ ನಗು, ಮದುವೆಮನೆಯಲ್ಲಿ ಹಿರಿಯರು ತಮಾಷೆ ಮಾಡಿದಾಗ ಬರುವಂಥದು. ಮುಖ್ಯಸ್ಥ ತಲೆ ಅಲ್ಲಾಡಿಸುತ್ತಾ ಪಕ್ಕದವನಿಗೆ ಏನೋ ಹೇಳಿದ. ಕಿವಿಯ ಯಂತ್ರದ ಹಿರಿಯರು ಹಿಂದೆ ತಿರುಗಿ, "ದೊಡ್ಡವರ ಕೈ ತಪ್ಪೋದೂ ಹೀಗೇ ನೋಡಿ. ನಮ್ಮ ಕೈ ತಪ್ಪಿದ್ರೆ ಬರೀ ತಪ್ಪಾಗುತ್ತೆ" ಎಂದರು. ಮತ್ತೆ ನಗು, ಚಪ್ಪಾಳೆ. "ಇಲ್ಲ, ನಿಜವಾಗ್ಲೂ" ಎಂದು ಮೇಷ್ಟ್ರು ಶುರುಮಾಡಿದ್ದು ಚಪ್ಪಾಳೆಯ ಕೆಳಗೆ ಸಿಕ್ಕಿ ಅಲ್ಲೇ ಉಳಿಯಿತು. ಕೂತರು. ನಿಜ ಹೇಳಿದ್ದಾಯಿತು, ಇನ್ನೇನು ಮಾಡಲಿ ಎಂದು ಒಳಗೊಂದು ದನಿ ಸಮಾಧಾನದಿಂದ ಕಾಲು ಚಾಚಿತು. ಆ ದನಿಯ ಸುಖ ಅವರನ್ನು ಬೆಚ್ಚಿಬೀಳಿಸಿತು. ಸುಳ್ಳಿನಿಂದ ಸಿಗುತ್ತಿದ್ದದ್ದು ಒಂದು ಪಾಲು, ನಿಜ ಹೇಳಿ ನಂಬಿಸಲಾಗದೆ ಹೋದದ್ದರಿಂದ ಎರಡು ಪಾಲು ಸಿಕ್ಕಿತ್ತು. ಈಗ ಅವರು ಸಿದ್ಧಾಂತವನ್ನೂ ಕಂಡುಹಿಡಿದವರು, ವಿನಯವಂತರೂ ಹೌದು. ಇನ್ನು ಮುಂದೆ ಎಷ್ಟು ಸಲ ಅಲ್ಲಗಳೆದರೂ ಅಷ್ಟಷ್ಟು ಎತ್ತರಕ್ಕೆ ಏರಿಸುತ್ತಾರೆ. ಬಾಯಿಂದ ಆಗದ ಕೆಲಸ ಇದು.

ರೂಮಿಗೆ ಬಂದಾಗ ಬಿಸಿಲು ಕಿಟಕಿಯಿಂದ ಅರ್ಧ ಹಲಗೆಯವರೆಗೆ ಬಂದಿತ್ತು. ಇಷ್ಟು ಹೊತ್ತಿಗೆ ಯಾವಾಗಲೂ ಅಷ್ಟೇ ಬರುತ್ತದೆ. ಎಷ್ಟೋ ಮಧ್ಯಾಹ್ನ ಅವರು ಆ ಗೆರೆ ಸರಿಯುವುದನ್ನು ನೋಡುತ್ತಾ ಅದನ್ನೇ ಸಂಶೋಧನೆಯೆಂದು ಸಂಬಳ ತೆಗೆದುಕೊಂಡಿದ್ದರು. ಚೀಲದಿಂದ ಪ್ರಬಂಧ ತೆಗೆದು ಮೇಜಿನ ಮೇಲಿಟ್ಟರು. ಶಿಷ್ಯೆ ಬಂದು ಬಾಗಿಲಲ್ಲೇ ನಿಂತಳು.

"ಬಾ, ಕೂತ್ಕೋ. ನಾನು ಹೇಳಿದ್ದನ್ನ ಅವರು ಯಾರೂ ನಂಬಲಿಲ್ಲ. ನೀನಾದ್ರೂ ನಂಬು."

"ನನಗೆ ಗೊತ್ತಿತ್ತು ಸರ್."

"ಏನು ಗೊತ್ತಿತ್ತು?"

"ಬಾಣ ತಪ್ಪು ಅಂತ. ನೀವು ಬರೆದಾಗ್ಲೇ ಗೊತ್ತಾಯ್ತು." ಅವಳ ದನಿ ಮತ್ತೆ ಹಳೆಯ ಪಿಸುಮಾತಾಗಿತ್ತು, ಮೇಷ್ಟ್ರು ಮುಂದಕ್ಕೆ ಬಾಗಬೇಕಾಯಿತು. "ಹೇಳೋಣ ಅಂತ ಬಾಯಿ ತೆಗೆದೆ. ಆದ್ರೆ ಆಗತಾನೆ ಅವರು ನಿಮ್ಮ ಬೆನ್ನ ಮೇಲೆ ಟೇಪು ಎಳ್ಕೊಂಡು ಹೋಗಿದ್ರು. ಅದರ ಮೇಲೆ ನಾನೂ ತಪ್ಪು ಅಂತ ಹೇಳ್ಬೇಕಾ ಅನ್ನಿಸ್ತು. ಹೇಗೆ ಹೇಳಿದ್ರೆ ನಿಮಗೆ ಬೇಜಾರಾಗಲ್ಲ ಅಂತ ಯೋಚನೆ ಮಾಡ್ತಾ ಮನೆಗೆ ಹೋದೆ. ಸರ್, ಇದು ಸರಿಯೇ, ಕಾಲ ಹಿಂದಕ್ಕೆ ಹೋದ್ರೆ ಅಂತ ಹೇಳಿದ್ರೆ ಮರ್ಯಾದೆಯಾಗಿರುತ್ತೆ ಅನ್ನಿಸ್ತು. ಆ ಮಾತು ಗಟ್ಟಿಯಾಗಿರ್ಲಿ ಅಂತ ನಾಲ್ಕು ಸಾಲು ಲೆಕ್ಕ ಮಾಡಿದೆ. ಅದು ನಿಲ್ಲಲೇ ಇಲ್ಲ, ಹೋಗ್ತಾನೇ ಇತ್ತು."

ಬಿಸಿಲಿನ ಗೆರೆ ಒಂದು ಕೂದಲೆಳೆ ಸರಿಯಿತು. ಹಾಗಾದರೆ ಈ ಪ್ರಮೇಯದ ಬುಡದಲ್ಲಿರುವುದು ತಮ್ಮ ಯೋಚನೆಯಂತೂ ಅಲ್ಲ, ತಪ್ಪೂ ಅಲ್ಲ, ಒಂದು ಹುಡುಗಿಯ ಕನಿಕರ. ತಾವು ಬಗ್ಗಿದ್ದನ್ನು ಅವಳು ನೋಡಿದ್ದಳು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿಲ್ಲವೆಂದುಕೊಂಡು ಇಷ್ಟು ತಿಂಗಳು ನೆಟ್ಟಗೆ ನಡೆದಿದ್ದರು. ನೋಯಬೇಕಿತ್ತು, ನೋಯಿತು ಕೂಡ. ಆದರೆ ಆ ನೋವಿನೊಳಗೆ ಒಂದು ವಿಚಿತ್ರವಾದ ಹಗುರವಿತ್ತು, ಹುಣ್ಣಿಗೆ ಗಾಳಿ ತಾಕಿದ ಹಾಗೆ.

"ಮತ್ತೆ ನನ್ನ ಮನಸ್ಸಲ್ಲಿದ್ದದ್ದು ಇದೇನಾ ಅಂತ ಯಾಕೆ ಕೇಳಿದೆ?"

"ನೀವು ಇಲ್ಲ ಅಂತೀರ ಅಂದ್ಕೊಂಡೆ," ಎಂದಳು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಅವಳು ಅರ್ಧ ಎದ್ದಳು. "ಬೇಡ ಸರ್. ನನ್ನೊಬ್ಬಳ ಹೆಸರಿದ್ರೆ ಯಾರು ಓದ್ತಾರೆ? ನಿಮ್ಮ ಹೆಸರಿದ್ರೆ ಜನ ತೆರೆದಾದ್ರೂ ನೋಡ್ತಾರೆ. ಮತ್ತೆ ನಿಮ್ಮ ರೂಮು."

"ನನ್ನ ಹೆಸರಿದ್ರೆ, ಓದಿದವರೆಲ್ಲ ಅವಳಿಗೆ ಮೇಷ್ಟ್ರು ಹೇಳಿಕೊಟ್ಟದ್ದು ಅಂತಾರೆ. ಇವತ್ತು ಕೇಳಲಿಲ್ವಾ? ನೀನು ಒಂದು ಗಂಟೆ ಹಲಗೆ ತುಂಬಿಸಿದೆ, ಕೊನೆಗೆ ಅವರು ಚಪ್ಪಾಳೆ ತಟ್ಟಿದ್ದು ಹಿಂದೆ ಕೂತವನಿಗೆ." ಹೇಳುತ್ತಾ ಹೇಳುತ್ತಾ, ಬೆಳಗ್ಗೆಯಿಂದ ಎಲ್ಲರಿಗೂ ದಾರಿ ಬಿಟ್ಟವರಿಗೆ, ದಾರಿಗೆ ಅಡ್ಡ ನಿಂತಿರುವವರೂ ತಾವೇ ಎಂಬುದು ಕಣ್ಣಿಗೆ ಕಟ್ಟಿದಂತೆ ಕಂಡಿತು. "ಹಿರಿಯರು ಇದ್ದಾರಲ್ಲ, ಆ ಕಿವಿಯ ಯಂತ್ರದವರು, ಅವರಿಗೆ ನಾನೇ ಪತ್ರ ಬರೀತೀನಿ, ಓದಿ ಅಂತ. ಅವರು ಓದಿದ್ರೆ ಉಳಿದವರು ಓದ್ತಾರೆ. ಅಷ್ಟು ಕೆಲಸ ನನ್ನ ಕೈಯಲ್ಲಾಗುತ್ತೆ."

ಎರಡನೆಯ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಎಡದಿಂದ ಬಲಕ್ಕೆ, ನಿಧಾನವಾಗಿ, ಈ ಸಲ ದಿಕ್ಕನ್ನು ನೋಡಿಕೊಂಡು. ಶಾಯಿ ಒಣಗಿದ ಮೇಲೆ ಹಾಳೆಯನ್ನು ಅವಳ ಕಡೆಗೆ ತಿರುಗಿಸಿಟ್ಟರು.

"ಕೃತಜ್ಞತೆಯಲ್ಲಿ ಏನಂತ ಬರೀಲಿ ಸರ್?"

"ತಪ್ಪು ಬಾಣಕ್ಕೆ ಅಂತ ಬರಿ."

"ನಗ್ತಾರೆ."

"ನಗಲಿ. ಆದ್ರೆ ಬರಹದಲ್ಲಿದ್ರೆ, ಇವತ್ತಲ್ಲ ನಾಳೆ ಯಾರಾದ್ರೂ ಒಬ್ಬರು ನಂಬ್ತಾರೆ."

ಅವಳು ನಕ್ಕಳು, ಸದ್ದಿಲ್ಲದೆ. ಮುಖ್ಯಸ್ಥನಿಗೆ ಈಗಲೇ ಹೇಳಬೇಕೆಂದು ಮೇಷ್ಟ್ರು ಫೋನೆತ್ತಿ, ಪ್ರಬಂಧದ ಮೇಲೆ ತಮ್ಮ ಹೆಸರಿಲ್ಲ, ರೂಮಿನ ವಿಷಯ ಮರೆಯಬೇಕಾಗಿಲ್ಲ ಎಂದರು. ಆ ಕಡೆಯಿಂದ, "ವಿನಯಕ್ಕೂ ಒಂದು ಮಿತಿ ಇರುತ್ತೆ ಸರ್" ಎಂದು ಕೇಳಿಸಿತು. ಹಲ್ಲು ಈಗ ಎಷ್ಟು ಕಾಣುತ್ತಿರಬಹುದೆಂದು ಮೇಷ್ಟ್ರು ಊಹಿಸಿಕೊಂಡರು. ಹೆಂಡತಿಗೆ ಏನು ಹೇಳುವುದೆಂಬುದು ಇನ್ನೂ ಬಾಕಿಯಿತ್ತು. ಪುಸ್ತಕದ ಕಪಾಟಿನತ್ತ ನೋಡಿದರು. ಮಂಚದ ಕೆಳಗೆ ಭರ್ತಿ, ಆದರೆ ಅಡುಗೆಮನೆಯ ಅಟ್ಟ ಖಾಲಿಯಿದೆ, ಕೇಳಿನೋಡಬೇಕು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಟೇಪಿನವನು, ಕೈ ಹೊಸೆಯುತ್ತಾ ನಿಂತಿದ್ದ.

"ಹೋದ ಸಲದ ಅಳತೆ ತಪ್ಪಾಗಿದೆ ಸರ್. ಗೋಡೆಯ ಎರಡೂ ಕಡೆಯ ರೂಮಿನ ಅಳತೆ ಕೂಡಿದ್ರೆ ಲೆಕ್ಕ ತಾಳೆ ಆಗ್ತಿಲ್ಲ. ಅವತ್ತು ತುದಿ ಎಲ್ಲೋ ಜಾರಿತ್ತು ಅಂತ ಕಾಣುತ್ತೆ. ಸಾಹೇಬ್ರು ಬೆಳಗ್ಗೆ ಬೇಡ ಅಂದಿದ್ರು, ಈಗ ತಿರುಗಾ ಹೋಗು ಅಂದ್ರು. ಬೇಜಾರು ಮಾಡ್ಕೋಬೇಡಿ."

"ಬೇಜಾರೇನಿಲ್ಲ. ಒಬ್ಬನೇ ಹಿಡಿದ್ರೆ ಜಾರದೆ ಇನ್ನೇನು?" ಎಂದು ಮೇಷ್ಟ್ರು ಎದ್ದರು. ಶಿಷ್ಯೆ ಹಲಗೆಯ ಮೂಲೆ ಒರೆಸಿ ಅಂಕಿ ಬರೆದುಕೊಳ್ಳಲು ಸೀಮೆಸುಣ್ಣ ಹಿಡಿದು ನಿಂತಳು. ಮೇಷ್ಟ್ರು ಎಡಗೋಡೆಯ ಹತ್ತಿರ ಹೋಗಿ ಟೇಪಿನ ಕೊಂಡಿಯನ್ನು ಎರಡು ಬೆರಳಿನಿಂದ ಗೋಡೆಗೆ ಒತ್ತಿ ಹಿಡಿದರು. ತಗಡಿನ ಅಂಚು ತಣ್ಣಗಿತ್ತು. ಅವನು ಬಲಕ್ಕೆ ಎಳೆಯುತ್ತಾ ನಡೆದ, ಹಲಗೆಯನ್ನು ದಾಟಿ, ಬಿಸಿಲನ್ನು ದಾಟಿ. ಟೇಪು ರೂಮಿನುದ್ದಕ್ಕೂ ನೆಟ್ಟಗೆ ನಿಂತಿತು, ಬಗ್ಗಬೇಕಾದವರು ಯಾರೂ ನಡುವೆ ಇರಲಿಲ್ಲ.

"ಗಟ್ಟಿಯಾಗಿ ಹಿಡ್ಕೊಳ್ಳಿ ಸರ್," ಎಂದು ಆ ತುದಿಯಿಂದ ಅವನು ಹೇಳಿದ. "ಸೊನ್ನೆ ನಿಮ್ಮ ಕಡೆ ಇರ್ಲಿ."